ಅಜ್ಜನ ಕಾಲೊಳಗಿನ ಚೂರು

ಎಂ.ಆರ್.ಐ. ಸ್ಕ್ಯಾನ್ ಮಾಡೋಕೆ ಮುಂಚೆ ಒಂದು ಫಾರ್ಮ್ ತುಂಬಿಸ್ತಾರೆ. ಅದರಲ್ಲಿ ಒಂದು ಪ್ರಶ್ನೆ ಇರುತ್ತೆ: ದೇಹದೊಳಗೆ ಲೋಹದ ವಸ್ತು ಏನಾದ್ರೂ ಇದೆಯಾ? ಪೇಸ್‌ಮೇಕರ್, ರಾಡು, ಸ್ಕ್ರೂ, ಹೀಗೆ. ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಮ್ಮ ರೂಮ್‌ಮೇಟ್ ತನ್ನ ಅಜ್ಜನ ಪರವಾಗಿ ಆ ಫಾರ್ಮ್ ತುಂಬ್ತಾ ಇದ್ದ. ಈ ಪ್ರಶ್ನೆ ಬಂದಾಗ ಕೇಳೋಕೂ ಹೋಗದೆ "ಇಲ್ಲ" ಅಂತ ಟಿಕ್ ಹಾಕೋದರಲ್ಲಿದ್ದ. ಪಕ್ಕದಲ್ಲಿ ಕೂತಿದ್ದ ಅಜ್ಜ ಅವನ ಕೈ ಹಿಡಿದ್ರು.

"ಐತಿ," ಅಂದ್ರು. "ಎಡಗಾಲಾಗ ಒಂದು ಚೂರು ಐತಿ."

"ಏನ್ ಚೂರು ಅಜ್ಜಾ?"

"ಎಪ್ಪತ್ತೊಂದರ ಲಡಾಯಿದಾಗ ಹೊಕ್ಕಿದ್ದು. ಹೊರಗ ಬಂದಿಲ್ಲ."

ಅಜ್ಜ ಕುಂಟೋದನ್ನ ನಮ್ಮ ರೂಮ್‌ಮೇಟ್ ಹುಟ್ಟಿದಾಗಿನಿಂದ ನೋಡಿದ್ದಾನೆ. ಯಾಕೆ ಅಂತಲೂ ಅವನಿಗೆ ಗೊತ್ತಿತ್ತು, ಇಡೀ ಊರಿಗೇ ಗೊತ್ತಿತ್ತು. ಮಿಲಿಟರಿಯಲ್ಲಿದ್ದಾಗ ಟ್ರಕ್ಕಿನಿಂದ ಬಿದ್ದದ್ದು. ಓಣಿಯ ಹುಡುಗರು ಹಿಂದಿನಿಂದ "ಟ್ರಕ್ ಅಜ್ಜ" ಅಂತಲೇ ಕರೀತಿದ್ರಂತೆ. ಇವನೂ ಕರೆದಿದ್ದಾನೆ.

ಎಂ.ಆರ್.ಐ. ಮಾಡಲಿಲ್ಲ. ಆ ಮೆಶೀನಿನ ಕಾಂತಕ್ಷೇತ್ರ 1.5 ಟೆಸ್ಲಾ, ಅಂದ್ರೆ ಭೂಮಿಯದ್ದಕ್ಕಿಂತ ಸುಮಾರು 30,000 ಪಟ್ಟು. ಒಳಗಿರೋದು ಉಕ್ಕಿನ ಚೂರಾದ್ರೆ ಅಲ್ಲಾಡಬಹುದು, ಸುತ್ತಲಿನ ಮಾಂಸ, ನರ ಕತ್ತರಿಸಬಹುದು. ಬದಲಿಗೆ ಎಕ್ಸ್‌ರೇ ತೆಗೆದ್ರು. ಮೀನಖಂಡದ ಜಾಗದಲ್ಲಿ ಜೋಳದ ಕಾಳಿನಷ್ಟು ಒಂದು ಬಿಳಿ ಚುಕ್ಕೆ ಕಾಣಿಸ್ತು.

ಆ ಫೋಟೋ ನಮ್ಮ ರೂಮಿನ ವಾಟ್ಸಾಪ್ ಗ್ರೂಪಿಗೆ ಬಂದಿದ್ದು ಮೊದಲನೇ ವರ್ಷ ಮುಗಿದ ರಜೆಯಲ್ಲಿ. ಅಲ್ಲಿಂದ ಈ ಕಥೆ ಶುರು. ನಾವು ಮೂವರು. ಒಬ್ಬ ರಾಮದುರ್ಗ ಕಡೆಯವನು (ಅಜ್ಜ ಅವನದ್ದು), ಒಬ್ಬ ಬೆಳಗಾವಿ ಪೇಟೆಯವನು, ಒಬ್ಬ ಮೈಸೂರಿನವನು. ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಕೊನೆಯ ಬಾರಿ ಇಷ್ಟುದ್ದ ಬರೆದದ್ದು ಹತ್ತನೇ ಕ್ಲಾಸಿನ ಪ್ರಬಂಧ. ಈ ಲೇಖನ ಟೈಪ್ ಮಾಡಿದವನು ಒಬ್ಬನೇ, ಆದ್ರೆ ನಡೆದದ್ದೆಲ್ಲ ಮೂವರಿಗೂ ನಡೆದದ್ದು. ಅದಕ್ಕೆ "ನಾವು" ಅಂತಲೇ ಬರೀತೀವಿ. ಕಾಗುಣಿತ ತಪ್ಪಿದ್ರೆ ಸಂಪಾದಕರನ್ನ ಕೇಳಿ.

ದೀಪಾವಳಿ ರಜೆಗೆ ಮೂವರೂ ಆ ಊರಿಗೆ ಹೋದ್ವಿ. ಮಲಪ್ರಭಾ ನದಿಯ ದಂಡೆ. ಎರಡು ಕಡೆ ಜೋಳ, ಅಲ್ಲಲ್ಲಿ ಕಬ್ಬು. ಮನೆಯ ಗೋಡೆ ಮೇಲೆ ಆಳೆತ್ತರಕ್ಕೆ ಒಂದು ಕಂದು ಗೆರೆ ಇದೆ. 2019ರ ಆಗಸ್ಟ್‌ನಲ್ಲಿ ಹೊಳೆ ನುಗ್ಗಿದಾಗ ನೀರು ನಿಂತ ಗುರುತು. ಸುಣ್ಣ ಹೊಡೆದ್ರೂ ಮತ್ತೆ ಮೇಲೇಳುತ್ತಂತೆ.

ಅಜ್ಜನಿಗೆ ಈಗ 74. ಊಟ ಆದಮೇಲೆ ಎಲೆ ಅಡಿಕೆ ಹಾಕ್ಕೊಂಡು ನಮ್ಮನ್ನ ಕರೆದು ಕೂರಿಸಿಕೊಂಡ್ರು.

"ನೀವು ಇಂಗ್ಲೀಷ್ ಸಾಲಿ ಕಲಿತಾವ್ರು. ನಂದೊಂದು ಅರ್ಜಿ ಬರದ ಕೊಡ್ರಪಾ."

"ಯಾವುದಕ್ಕೆ ಅಜ್ಜಾ?"

"ಗಾಯ ಆದಾವ್ರಿಗೆ ಒಂದು ಪದಕ ಕೊಡ್ತಾರ. ನನಗ ಬಂದಿಲ್ಲ."

ಇಷ್ಟು ವರ್ಷ ಬೇಡವಾಗಿದ್ದು ಈಗ ಯಾಕೆ ಅಂತ ನಾವು ಕೇಳಬಾರದಿತ್ತು, ಆದ್ರೆ ಮೈಸೂರಿನವನು ಕೇಳಿಬಿಟ್ಟ. ಅಜ್ಜ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಹೇಳಿದ್ದು ಇಷ್ಟು. ಎಕ್ಸ್‌ರೇ ಸುದ್ದಿ ಊರಲ್ಲಿ ಹರಡಿತ್ತು. ಚಹಾ ಅಂಗಡಿಯಲ್ಲಿ ಒಬ್ಬ ನಕ್ಕು, "ಯಾಕ ಕಾಕಾ, ಐವತ್ತು ವರ್ಷ ಟ್ರಕ್ ಇತ್ತು, ಈಗ ಬಾಂಬ್ ಆತೇನು? ಪಿಂಚಣಿ ಏರಸಾಕ ಏನರ ದಾರಿ ಸಿಕ್ಕಿರಬೇಕು" ಅಂದನಂತೆ. ಕೂತವರೆಲ್ಲ ನಕ್ಕರಂತೆ.

"ನನಗ ರೊಕ್ಕ ಬ್ಯಾಡ," ಅಂದ್ರು ಅಜ್ಜ. "ಆದ್ರ ಈ ವಯಸ್ಸಿನಾಗ ಸುಳ್ಳ ಅನ್ನಿಸ್ಕೊಳ್ಳೂದು ಬ್ಯಾಡ."

ಆ ರಾತ್ರಿ ಅವರು ಹೇಳಿದ ಕಥೇನ ನಾವು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡ್ವಿ. ನಮಗೆ 1971ರ ಯುದ್ಧ ಅಂದ್ರೆ 13 ದಿನ, ಡಿಸೆಂಬರ್ 3ರಿಂದ 16, ಬಾಂಗ್ಲಾದೇಶ ಹುಟ್ಟಿತು, ಅಷ್ಟೆ. ಎರಡು ಮಾರ್ಕ್ಸಿನ ಪ್ರಶ್ನೆ. ಅಜ್ಜನಿಗೆ ಅದು ಜಮಾಲ್‌ಪುರ. ಬ್ರಹ್ಮಪುತ್ರದ ದಕ್ಷಿಣ ದಂಡೆಯ ಊರು. ನಮ್ಮ ಸೇನೆಯ ಒಂದು ತುಕಡಿ ನದಿ ದಾಟಿ ಊರಿನ ಹಿಂದಕ್ಕೆ ಹೋಗಿ, ಢಾಕಾ ಕಡೆ ಹೋಗೋ ರಸ್ತೆಗೆ ಅಡ್ಡ ಕೂತಿತ್ತು. ನಾವು ಆಮೇಲೆ ಓದಿದ ಹಾಗೆ, ನಮ್ಮ ಬ್ರಿಗೇಡಿಯರ್ ಕ್ಲೇರ್ ಶರಣಾಗಿ ಅಂತ ಪತ್ರ ಕಳಿಸಿದ್ರೆ, ಪಾಕಿಸ್ತಾನದ ಕರ್ನಲ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ವಾಪಸ್ ಕಳಿಸಿದ್ದನಂತೆ. ಡಿಸೆಂಬರ್ 10ರ ರಾತ್ರಿ ಊರೊಳಗಿದ್ದ ಪಾಕಿಸ್ತಾನಿ ಸೈನಿಕರು ಮುತ್ತಿಗೆ ಒಡೆದು ಹೊರಗೆ ಹೋಗೋಕೆ ನೋಡಿದ್ರು. ಅವರು ಬಂದ ದಾರಿಯಲ್ಲೇ ಅಜ್ಜನ ಗುಂಡಿ ಇತ್ತು.

"ಮಾರ್ಟರ್ ಎಲ್ಲಿ ಬಿತ್ತೋ ನನಗ ಗೊತ್ತಿಲ್ಲ. ಕಿವಿ ಗುಂಯ್ ಅಂತಿತ್ತು. ಬೂಟಿನಾಗ ನೀರು ಹೊಕ್ಕೈತಿ ಅನ್ಕೊಂಡೆ. ಥಂಡಿ ಬಾಳ ಇತ್ತು, ಈ ನೀರ್ ಯಾಕ ಬಿಸಿ ಐತಿ ಅಂತ ಕೈ ಹಾಕಿದ್ರ, ರಕ್ತ."

ಬೆಳಗಾಗೋ ಮುಂಚೆ ಒಬ್ಬ ನರ್ಸಿಂಗ್ ಅಸಿಸ್ಟೆಂಟ್ ಕಂಬಳಿ ಮರೆಯಲ್ಲಿ ಟಾರ್ಚ್ ಹಿಡಿದು ಪಟ್ಟಿ ಕಟ್ಟಿದ. ಮಲಯಾಳಿ ಹುಡುಗ, ಹೆಸರು ನೆನಪಿಲ್ಲ. ಅಜ್ಜನಿಗಿಂತ ಹೆಚ್ಚು ಗಾಯ ಆದವರು ಅಲ್ಲೇ ಪಕ್ಕದಲ್ಲಿ ಮಲಗಿದ್ರು, ಅವರನ್ನ ಮೊದಲು ಸಾಗಿಸಿದ್ರು. ಅಜ್ಜ ಕುಂಟುತ್ತಾ ಹಿಂದೆ ಉಳಿದ್ರು. ಆಸ್ಪತ್ರೆಗೆ ದಾಖಲಾಗಲೇ ಇಲ್ಲ. ಗಾಯ ಎರಡು ವಾರದಲ್ಲಿ ಒಣಗಿತು. "ಹದಿನಾರನೇ ತಾರೀಖಿಗೆ ಎಲ್ಲಾರೂ ಢಾಕಾದಾಗ. ನಾ ಹೊಳಿ ದಂಡಿ ಮ್ಯಾಲ ಸಾಮಾನು ಕಾಯ್ಕೋತ ಕುಂತಿದ್ದೆ."

ಹಾಗಾದ್ರೆ ಟ್ರಕ್ಕಿನ ಕಥೆ ಎಲ್ಲಿಂದ ಬಂತು? ಅದನ್ನ ಊರಿಗೆ ಹೇಳಿದ್ದು ಸ್ವತಃ ಅಜ್ಜನೇ. ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ, "ಟ್ರಕ್ಕಿನಿಂದ ಇಳಿವಾಗ ಬಿದ್ದೀನಿ, ಕಾಲು ಉಳುಕೈತಿ, ಚಿಂತಿ ಬ್ಯಾಡ" ಅಂತ ಬರೆದಿದ್ರು. ತಂದೆ ತೀರಿಹೋಗಿದ್ರು, ಇವರೊಬ್ಬರೇ ಮಗ. ಲಡಾಯಿಯಲ್ಲಿ ಗಾಯ ಅಂದ್ರೆ ಅವ್ವ ಊಟ ಬಿಡ್ತಾಳೆ, ರಜೆಗೆ ಬಂದ್ರೆ ಮತ್ತೆ ಕಳಿಸೋದಿಲ್ಲ ಅನ್ನೋ ಭಯ. ಅವ್ವನಿಗೆ ಓದು ಬರ್ತಿರಲಿಲ್ಲ. ಸಾಲಿ ಮಾಸ್ತರು ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿದ್ರು. ಊರೆಲ್ಲ ಕೇಳಿಸಿಕೊಳ್ತು. ಅಲ್ಲಿಗೆ ಅದೇ ಸತ್ಯ ಆಯ್ತು. ಅವ್ವ ತೀರಿಹೋಗೋವರೆಗೂ ಅಜ್ಜ ಅದನ್ನ ತಿದ್ದಲಿಲ್ಲ. ಆಮೇಲೆ ತಿದ್ದೋಕೆ ಕಾರಣವೇ ಇರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ನಾವು ಕೆಲಸ ಶುರು ಮಾಡಿದ್ವಿ. ಮೊದಲು ಪದಕದ ವಿಷಯ. ಅದರ ಹೆಸರು ಹಿಂದೆ ವೂಂಡ್ ಮೆಡಲ್ ಅಂತ ಇತ್ತು, ಈಗ ಪರಾಕ್ರಮ ಪದಕ. ಬಿಳಿ ರಿಬ್ಬನ್, ನಟ್ಟನಡುವೆ ಒಂದು ಕೆಂಪು ಪಟ್ಟಿ. ಗಾಯದ ಬಟ್ಟೆ ನೆನಪಾಗುತ್ತೆ. ಇದನ್ನ ಸ್ಥಾಪಿಸಿದ್ದು 1973ರಲ್ಲಿ, ಜಾರಿಗೆ ತಂದಿದ್ದು 1947ರ ಆಗಸ್ಟ್ 15ರಿಂದ ಅನ್ವಯ ಆಗೋ ಹಾಗೆ. ಅಂದ್ರೆ ಅಜ್ಜನಿಗೆ ಗಾಯ ಆದ ರಾತ್ರಿ ಈ ಪದಕವೇ ಇರಲಿಲ್ಲ! ಆಮೇಲೆ ಬಂದ ಪದಕ ಹಳೇ ಗಾಯಗಳಿಗೂ ಸಲ್ಲುತ್ತೆ. ಆದ್ರೆ ಆ ಗಾಯ ಯಾವುದಾದ್ರೂ ಕಾಗದದ ಮೇಲೆ ಇರಬೇಕಲ್ಲ? ಮುಖ್ಯ ಷರತ್ತು ಒಂದೇ: ಗಾಯ ಶತ್ರುವಿನ ನೇರ ದಾಳಿಯಿಂದಲೇ ಆಗಿರಬೇಕು.

ಅಜ್ಜನ ಹತ್ತಿರ ಬೇರೆ ಪದಕಗಳಿವೆ. ಪೂರ್ವದ ರಣರಂಗದಲ್ಲಿದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್, ಸಂಗ್ರಾಮ ಮೆಡಲ್. ಅವು ಒಂದು ಕಬ್ಬಿಣದ ಟ್ರಂಕಿನಲ್ಲಿದ್ದವು. ಅದೇ ಟ್ರಂಕಿನಲ್ಲಿ ಹಳೇ ಚೀಟಿ, ಪತ್ರ, ಪುಸ್ತಕ ಎಲ್ಲ ಇತ್ತು. 2019ರ ಹೊಳೆ ಟ್ರಂಕನ್ನ ಎರಡು ದಿನ ಮುಳುಗಿಸಿತ್ತು. ನೀರಿಳಿದ ಮೇಲೆ ತೆಗೆದ್ರೆ ಪದಕಗಳು ತೊಳೆದರೆ ಹೊಳೆಯೋ ಹಾಗಿದ್ದವು. ಕಾಗದವೆಲ್ಲ ಮುದ್ದೆ. ಪಟ್ಟಿ ಕಟ್ಟಿದ ಹುಡುಗ ಏನಾದ್ರೂ ಚೀಟಿ ಬರೆದುಕೊಟ್ಟಿದ್ನಾ, ಅದು ಆ ಮುದ್ದೆಯಲ್ಲಿತ್ತಾ ಅಂತ ಅಜ್ಜನಿಗೇ ಖಾತ್ರಿ ಇಲ್ಲ.

ಮಾಜಿ ಸೈನಿಕರ ಕೆಲಸ ನೋಡಿಕೊಡೋ ಒಂದು ಕಚೇರಿಗೆ ಹೋಗಿ ಕೇಳಿದ್ವಿ. ಅಲ್ಲಿದ್ದ ಹಿರಿಯ ಗುಮಾಸ್ತರು ಒಳ್ಳೆಯವರು, ಚಹಾ ಕೊಟ್ಟು ಮಾತಾಡಿಸಿದ್ರು. ಎಕ್ಸ್‌ರೇ ಫಿಲ್ಮನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿ ಹೇಳಿದ್ರು: "ನೋಡ್ರಿ, ಒಳಗೆ ಲೋಹ ಇದೆ ಅಂತ ಇದು ಹೇಳುತ್ತೆ. ಯಾರ ಲೋಹ ಅಂತ ಹೇಳಲ್ಲ."

ಇದನ್ನ ಯೋಚನೆ ಮಾಡ್ತಾ ವಾಪಸ್ ಬರೋವಾಗ ಬಸ್ಸಿನಲ್ಲಿ ನಾವು ಮೂವರೂ ನಗ್ತಾ ಇದ್ವಿ, ಯಾಕಂದ್ರೆ ಇದು ನಮಗೆ ತುಂಬ ಚೆನ್ನಾಗಿ ಗೊತ್ತಿರೋ ನಿಯಮ. ಲ್ಯಾಬ್ ರೆಕಾರ್ಡಿನಲ್ಲಿ ಸೈನ್ ಇಲ್ಲ ಅಂದ್ರೆ ಪ್ರಯೋಗ ಮಾಡೇ ಇಲ್ಲ ಅಂತ ಅರ್ಥ. ನೀವು ಎರಡು ಗಂಟೆ ನಿಂತಿದ್ರೂ ಅಷ್ಟೆ.

ನಮಗೆ ಧೈರ್ಯ ಕೊಟ್ಟದ್ದು ಅಮೆರಿಕದ ಒಂದು ಕೇಸ್. ಮಿನ್ನೆಸೋಟದ ಅರ್ಲ್ ಮೇಯರ್ ಅನ್ನೋರು ಕೊರಿಯಾ ಯುದ್ಧದಲ್ಲಿದ್ದವರು. 1951ರ ಜೂನ್‌ನಲ್ಲಿ ಮಾರ್ಟರ್ ಚೂರು ತೊಡೆಯೊಳಗೆ ಹೋಯ್ತು, ಅಲ್ಲೇ ಉಳೀತು. ಗಾಯಗೊಂಡ ಸೈನಿಕರಿಗೆ ಅಲ್ಲಿ ಪರ್ಪಲ್ ಹಾರ್ಟ್ ಅನ್ನೋ ಪದಕ ಇದೆ. ಇವರಿಗೆ ಸಿಗಲಿಲ್ಲ. ಯುದ್ಧಭೂಮಿಯಲ್ಲಿ ತನಗೆ ಪಟ್ಟಿ ಕಟ್ಟಿದವನು ಕಾಗದ ಸಲ್ಲಿಸೋ ಮುಂಚೆಯೇ ಸತ್ತಿರಬೇಕು ಅನ್ನೋದು ಅವರ ನಂಬಿಕೆ. ಮಗಳಂದಿರ ಒತ್ತಾಯಕ್ಕೆ ಅರ್ಜಿ ಹಾಕಿದ್ರೆ, ದಾಖಲೆ ಸಾಲದು ಅಂತ ಸೇನೆ ತಿರಸ್ಕರಿಸ್ತು. 2023ರಲ್ಲಿ ಕೋರ್ಟಿಗೆ ಹೋದ್ರು. 2024ರ ಮೇ ತಿಂಗಳಲ್ಲಿ ಪದಕ ಬಂತು. ಆಗ ಅವರಿಗೆ 96 ವರ್ಷ. ಬರೋಬ್ಬರಿ 73 ವರ್ಷ ತಡ.

ಅದರ ಜೊತೆಗೆ ಇನ್ನೊಂದು ವಿಷಯ ಓದಿದ್ವಿ. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೈನಿಕರ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷಕ್ಕೂ ಹೆಚ್ಚು ಫೈಲುಗಳು ಹೋದವು. ಎಷ್ಟೋ ಜನ ಇವತ್ತಿಗೂ ತಮ್ಮ ಸೇವೆಯ ಪುರಾವೆ ಹುಡುಕ್ತಾ ಇದ್ದಾರೆ.

ಫೋನಿನಲ್ಲಿ ಅಜ್ಜನಿಗೆ ಇದನ್ನೆಲ್ಲ ಹೇಳಿದ್ವಿ. "ಅಲ್ಲೆ ಬೆಂಕಿ, ಇಲ್ಲೆ ನೀರು," ಅಂದ್ರು. ಆಮೇಲೆ, "ಎಷ್ಟಂದಿ, ತೊಂಬತ್ತಾರಾ? ಹಂಗಾದ್ರ ನನಗ ಇನ್ನೂ ಇಪ್ಪತ್ತೆರಡು ವರ್ಷ ಟೈಮ್ ಐತಿ ಬಿಡು."

ಈಗ ಅರ್ಜಿ. ಇಲ್ಲಿಂದ ಮುಂದಿನದು ಹೇಳೋಕೆ ನಮಗೆ ಸ್ವಲ್ಪ ನಾಚಿಕೆ.

ಮೊದಲ ಕರಡು ಹೇಗೆ ತಯಾರಾಯ್ತು ಅಂತ ನೀವೇ ಊಹಿಸಿ. ವಿವರ ಎಲ್ಲ ಚಾಟ್‌ಜಿಪಿಟಿಗೆ ಹಾಕಿದ್ವಿ, ಅರ್ಧ ನಿಮಿಷದಲ್ಲಿ ಎರಡು ಪುಟ ಇಂಗ್ಲಿಷ್ ಬಂತು. ಅದರಲ್ಲಿ ಅಜ್ಜ ಎದೆಗುಂದದೆ ಹೋರಾಡಿದ್ರು, ರಕ್ತ ಸುರೀತಿದ್ರೂ ತಮ್ಮ ಜಾಗ ಬಿಡಲಿಲ್ಲ, ಚಿಕಿತ್ಸೆ ನಿರಾಕರಿಸಿದ್ರು. ಓದಿ ನಮಗೇ ರೋಮಾಂಚನ ಆಯ್ತು. ಡಿಸೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿಸಿಕೊಂಡು ಮತ್ತೆ ಊರಿಗೆ ಹೋಗಿ, ಒಂದೊಂದು ಸಾಲನ್ನೂ ಕನ್ನಡಕ್ಕೆ ತಂದು ಓದಿ ಹೇಳಿದ್ವಿ. ಅಜ್ಜ ಮಧ್ಯದಲ್ಲೇ ಕೈ ಎತ್ತಿದ್ರು.

"ಇದು ಯಾರ್ ಕಥಿ?"

"ನಿಮ್ದೇ ಅಜ್ಜಾ."

"ನಾ ಚಿಕಿತ್ಸೆ ಬ್ಯಾಡ ಅಂದೇನಂತ ಹೇಳೀನೇನು? ಪಟ್ಟಿ ಕಟ್ಟೋ ಹುಡುಗ ಯಾವಾಗ ಬರ್ತಾನೋ ಅಂತ ದೇವರಿಗೆ ಕೈ ಮುಗೀಲಿಕತ್ತಿದ್ದೆ. ನಾ ಹೆದರಿದ್ದೆ. ಅದನ್ನ ಬರಿ."

ಹೆದರಿದ್ದೆ ಅಂತ ಬರೆದ್ರೆ ಪದಕ ಕೊಡ್ತಾರಾ ಅಂತ ನಾವು. ಗಾಯಕ್ಕ ಪದಕ ಕೇಳಾಕತ್ತೀನಿ, ಧೈರ್ಯಕ್ಕಲ್ಲ ಅಂತ ಅಜ್ಜ. ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ. ನಿಜವಾಗಿ ನಿಯಮದಲ್ಲಿ ಇರೋದೂ ಅದೇ. ಆ ಪದಕ ಶೌರ್ಯಕ್ಕಲ್ಲ, ಗಾಯಕ್ಕೆ.

ಎರಡನೇ ಜಗಳ ಇನ್ನೂ ದೊಡ್ಡದು. ಅಜ್ಜನ ತುಕಡಿಯಲ್ಲಿದ್ದ ಒಬ್ಬರು ಸಾತಾರಾ ಕಡೆ ಇನ್ನೂ ಇದ್ದಾರೆ. ನಂಬರ್ ಹುಡುಕಿ ಫೋನ್ ಮಾಡಿದ್ವಿ, ಬೆಳಗಾವಿಯವನು ಮರಾಠಿಯಲ್ಲಿ ಮಾತಾಡಿದ. ಅವರಿಗೆ ಅಜ್ಜ ನೆನಪಿದ್ರು. ಆ ರಾತ್ರಿ ನೆನಪಿತ್ತು. ಬೂಟು ಬಿಚ್ಚಿ ರಕ್ತ ಸುರಿದದ್ದೂ ನೆನಪಿತ್ತು. ಆದ್ರೆ "ಬಲಗಾಲು" ಅಂದ್ರು.

ಚೂರು ಇರೋದು ಎಡಗಾಲಿನಲ್ಲಿ.

ಬೆಳಗಾವಿಯವನು ಒಂದು ಸೆಕೆಂಡ್ ನಮ್ಮ ಮುಖ ನೋಡಿದ. ನಾವೂ ತಲೆ ಆಡಿಸಿದ್ವಿ. ಅವನು ಮೆತ್ತಗೆ, "ಎಡಗಾಲು ಅಲ್ವಾ ಕಾಕಾ?" ಅಂತ ಕೇಳಿದ. ಆ ಕಡೆಯಿಂದ ಹಿರಿಯರು ಸ್ವಲ್ಪ ತಡೆದು, "ಹಾಂ ಹಾಂ, ಎಡಗಾಲೇ" ಅಂದ್ರು. ನಾವು ಅದನ್ನೇ ಬರ್ಕೊಂಡ್ವಿ. ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್‌ಗೆ ಏನು ಬರೆಸಬೇಕು ಅಂತ ಮ್ಯಾಟರ್ ಕೂಡ ರೆಡಿ ಮಾಡಿದ್ವಿ.

ಇದು ತಪ್ಪು ಅಂತ ಆಗ ನಮಗೆ ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಬೇಕು? ಮೊದಲನೇ ವರ್ಷದ ಫಿಸಿಕ್ಸ್ ಲ್ಯಾಬ್ ನೆನಪು ಮಾಡಿಕೊಳ್ಳಿ. ಎಲ್‌ಇಡಿ ಹಚ್ಚಿ ಪ್ಲಾಂಕ್ ಸ್ಥಿರಾಂಕ ಕಂಡುಹಿಡಿಯೋ ಪ್ರಯೋಗ. ಉತ್ತರ 6.63 ಬರಬೇಕು ಅಂತ ಎಲ್ಲರಿಗೂ ಗೊತ್ತು. ನಮಗೆ ಬಂದಿದ್ದು 5ರ ಆಸುಪಾಸು. ಏನು ಮಾಡಿದ್ವಿ? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ವೋಲ್ಟೇಜ್ ಬರೆದ್ವಿ, ಅನುಮಾನ ಬರಬಾರದು ಅಂತ 6.58 ಬರೋ ಹಾಗೆ ನೋಡ್ಕೊಂಡ್ವಿ. ಪೂರ್ತಿ ಮಾರ್ಕ್ಸ್ ಬಂತು. ನಮ್ಮ ತಲೆಯಲ್ಲಿದ್ದ ವಾದ ಇಷ್ಟೆ: ಸರಿ ಉತ್ತರ ಏನು ಅಂತ ಗೊತ್ತಿರೋವಾಗ ರೀಡಿಂಗ್ ಕುಕ್ ಮಾಡಿದ್ರೆ ಅದು ಮೋಸ ಹೇಗಾಗುತ್ತೆ? ಅಜ್ಜನ ವಿಷಯದಲ್ಲೂ ಅಷ್ಟೆ. ಗಾಯ ನಿಜ. ಎಡಗಾಲು ನಿಜ. ಎಕ್ಸ್‌ರೇನೇ ಇದೆ. ಹಿರಿಯರ ನೆನಪನ್ನ ನಾವು ಸ್ವಲ್ಪ "ಕರೆಕ್ಟ್" ಮಾಡಿದ್ವಿ, ಅಷ್ಟೆ ತಾನೆ?

ಅಫಿಡವಿಟ್ ಮ್ಯಾಟರ್ ಓದಿ ಹೇಳಿದಾಗ ಅಜ್ಜ ಖುಷಿಯಿಂದ ಕೇಳ್ತಾ ಇದ್ರು. ತಮ್ಮ ಗೆಳೆಯ ಬೂಟು ನೆನಪಿಟ್ಟುಕೊಂಡಿದ್ದಕ್ಕೆ ಕಣ್ಣೊರಸಿಕೊಂಡ್ರು. ಆಮೇಲೆ ರಾಮದುರ್ಗದವನು ಬಾಯಿ ತಪ್ಪಿ ಬಲಗಾಲಿನ ವಿಷಯ ಹೇಳಿಬಿಟ್ಟ. ಅಜ್ಜನ ಮುಖ ಬದಲಾಯ್ತು.

"ಅಂವಾ ಬಲಗಾಲು ಅಂದ್ರ ಬಲಗಾಲು ಅಂತನ ಬರೀರಿ."

"ಹಂಗ್ ಬರದ್ರ ಅರ್ಜಿ ಬಿದ್ದು ಹೋಗತೈತಿ ಅಜ್ಜಾ."

"ಬೀಳ್ಲಿ."

ನಾವು ಬಹಳ ವಾದ ಮಾಡಿದ್ವಿ. 54 ವರ್ಷದ ಹಿಂದಿನದು, ಯಾರಿಗಾದ್ರೂ ಎಡ ಬಲ ಗೊಂದಲ ಆಗುತ್ತೆ, ನಾವು ಸುಳ್ಳು ಸೇರಿಸ್ತಾ ಇಲ್ಲ, ನಿಜವನ್ನೇ ಬರೀತಾ ಇದ್ದೀವಿ. ಅಜ್ಜ ಎಲ್ಲ ಕೇಳಿದ್ರು. ಕೊನೆಗೆ ಹೇಳಿದ ಮಾತನ್ನ ರೆಕಾರ್ಡಿಂಗಿನಿಂದ ಹಾಗೇ ಇಲ್ಲಿ ಇಳಿಸ್ತಾ ಇದ್ದೀವಿ:

"ತಮ್ಮಾ, ನಾನೂ ಹಿಂಗ ಅನ್ಕೊಂಡಿದ್ದೆ. ಅವ್ವಗ ಒಳ್ಳೇದಾಗ್ಲಿ ಅಂತ ಸಣ್ಣದೊಂದು ಬರದೆ. ಆ ಸಣ್ಣದು ನನಗಿಂತ ದೊಡ್ಡದಾತು. ಈಗ ಖರೇ ಹೇಳಿದ್ರ ಯಾರೂ ನಂಬವಲ್ರು. ಮತ್ತೊಂದು ಬರಸಬ್ಯಾಡ್ರಿ ನನ್ನ ಕಡಿಂದ."

ಅಷ್ಟೇ ಅಲ್ಲ. ಅವ್ವನಿಗೆ ಬರೆದ ಸುಳ್ಳು ಪತ್ರದ ವಿಷಯವನ್ನೂ ಅರ್ಜಿಯಲ್ಲಿ ಸೇರಿಸಬೇಕು ಅಂದ್ರು. ಇದಕ್ಕೆ ರಾಮದುರ್ಗದವನು ಎದ್ದೇ ಹೋದ. ಅಂಗಳದಲ್ಲಿ ನಿಂತು, "ಕೇಸ್ ಮುಗೀತು ಕಣ್ರೋ, ತಾನೇ ಟ್ರಕ್ ಅಂತ ಬರ್ಕೊಟ್ರೆ ಇನ್ಯಾರು ನಂಬ್ತಾರೆ" ಅಂದ. ಅವನು ಅಳ್ತಾ ಇದ್ದ ಅನ್ಸುತ್ತೆ, ಕತ್ತಲಿತ್ತು. ಚಿಕ್ಕವನಿದ್ದಾಗ "ಟ್ರಕ್ ಅಜ್ಜ" ಅಂತ ಕೂಗಿದ್ದನ್ನ ಅವನು ನಮಗೆ ಹೇಳಿದ್ದು ಆವತ್ತೇ.

ಸಾತಾರಾದವರಿಗೆ ಮತ್ತೆ ಫೋನ್ ಮಾಡಿದ್ವಿ. ಅಂದು ನಾವು ಬಾಯಿಗೆ ಮಾತು ತುರುಕಿದ್ದು ತಪ್ಪಾಯ್ತು, ನಿಮಗೆ ನೆನಪಿದ್ದಷ್ಟೇ ಹೇಳಿ ಅಂದ್ವಿ. ಅವರು ನಕ್ಕು, ಖರೇ ಹೇಳಬೇಕಂದ್ರೆ ಯಾವ ಕಾಲು ಅಂತ ನೆನಪಿಲ್ಲ, ನೀವು ಎಡಗಾಲು ಅಂದ್ರಿ, ನಾನೂ ಹೂಂ ಅಂದೆ ಅಂದ್ರು. ಅಫಿಡವಿಟ್‌ನಲ್ಲಿ ಅದೇ ಹೋಯ್ತು: ಕಾಲಿಗೆ ಗಾಯ ಆಗಿದ್ದು, ಬೂಟಿನಿಂದ ರಕ್ತ ಸುರಿದದ್ದು ನೋಡಿದ್ದೇನೆ, ಯಾವ ಕಾಲು ಎಂದು ನೆನಪಿಲ್ಲ. ನೋಟರಿ ಮಾಡಿಸಿ ಕೊರಿಯರ್‌ನಲ್ಲಿ ಕಳಿಸಿದ್ರು.

ಕೊನೆಯ ಅರ್ಜಿ ಒಂದೂವರೆ ಪುಟ. ಮೊದಲು ಕನ್ನಡದಲ್ಲಿ ಬರೆದ್ವಿ, ಅಜ್ಜ ಹೇಳಿದ ಹಾಗೆ. ಆಮೇಲೆ ನಾವೇ ಕೂತು ಇಂಗ್ಲಿಷ್‌ಗೆ ತಂದ್ವಿ, ಯಾವ ಆ್ಯಪ್ ಕೂಡ ಮುಟ್ಟಲಿಲ್ಲ. ಎಲ್ಲಿ, ಯಾವ ರಾತ್ರಿ, ಏನಾಯ್ತು. ಯಾರು ಪಟ್ಟಿ ಕಟ್ಟಿದ್ರು, ಹೆಸರು ನೆನಪಿಲ್ಲ. ಆಸ್ಪತ್ರೆಗೆ ಸೇರಿಲ್ಲ. ಮನೆಗೆ ಟ್ರಕ್ಕಿನಿಂದ ಬಿದ್ದೆ ಎಂದು ಬರೆದಿದ್ದೆ, ಅದು ಸುಳ್ಳು, ತಾಯಿಗಾಗಿ ಬರೆದದ್ದು. ಕಾಗದ ಪ್ರವಾಹದಲ್ಲಿ ಹೋಗಿವೆ. ಚೂರು ಇದೆ. ಎಕ್ಸ್‌ರೇ, ಡಾಕ್ಟರ ಪತ್ರ, ಗೆಳೆಯನ ಅಫಿಡವಿಟ್ ಲಗತ್ತಿಸಿದ್ವಿ. ಸ್ಪೀಡ್ ಪೋಸ್ಟ್ ಮಾಡಿದ ರಸೀತಿಯನ್ನ ಅಜ್ಜ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಟ್ಟದ ಮೇಲೆ, ಗೋಡೆಯ ಆ ಕಂದು ಗೆರೆಗಿಂತ ಬಹಳ ಎತ್ತರದಲ್ಲಿ ಇಟ್ಟಿದ್ದಾರೆ.

ನಾಲ್ಕು ತಿಂಗಳ ನಂತರ ಉತ್ತರ ಬಂತು. ಆ ಕಾಲದ ವೈದ್ಯಕೀಯ ದಾಖಲೆ ಇದ್ದರೆ ಕಳಿಸಿ, ಪರಿಶೀಲಿಸ್ತೀವಿ ಅಂತ. ಇಲ್ಲ ಅಂತಲೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ದಾಖಲೆ ಇಲ್ಲ ಅನ್ನೋದನ್ನ ನಾವು ಮೊದಲ ಅರ್ಜಿಯಲ್ಲೇ ಬರೆದಿದ್ವಿ. ಮತ್ತೆ ಬರೆದ್ವಿ. ಈಗ ಕಾಯ್ತಾ ಇದ್ದೀವಿ. ಎಡಗಾಲು ಅಂತ ಅಫಿಡವಿಟ್‌ನಲ್ಲಿ ಇದ್ದಿದ್ರೆ ಬೇಗ ಆಗ್ತಿತ್ತಾ? ಗೊತ್ತಿಲ್ಲ. ಒಂದೊಂದು ರಾತ್ರಿ ನಾವು ಮೂವರೂ ಅದನ್ನೇ ಮಾತಾಡ್ತೀವಿ, ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ.

ಆದ್ರೆ ಇನ್ನೊಂದು ನಡೀತು. ಉತ್ತರ ಬಂದ ವಾರ ಅಜ್ಜ ಮೊಮ್ಮಗನನ್ನ ಕರ್ಕೊಂಡು ಚಹಾ ಅಂಗಡಿ ಮುಂದಿನ ಕಟ್ಟೆಗೆ ಹೋದ್ರು. ಮಾಸ್ತರು ಆ ಪತ್ರ ಓದಿದ ಕಟ್ಟೆ ಅದೇ. ಅರ್ಜಿಯ ಕನ್ನಡ ಪ್ರತಿ ಕೊಟ್ಟು, "ಗಟ್ಟಿಯಾಗಿ ಓದು" ಅಂದ್ರು. ಅವನು ಓದಿದ. ಸುಳ್ಳು ಪತ್ರದ ಭಾಗ ಬಂದಾಗ ಅಂಗಡಿಯವನು ಸ್ಟೋವ್ ಆರಿಸಿದನಂತೆ, ಸದ್ದಿಗೆ ಕೇಳಿಸ್ತಿರಲಿಲ್ಲ ಅಂತ. ಓದಿ ಮುಗಿದ ಮೇಲೆ ಒಬ್ಬ ಮುದುಕರು, "ಹಂಗಾರ ಟ್ರಕ್ಕ ಇರ್ಲಿಲ್ಲೇನು?" ಅಂತ ಕೇಳಿದ್ರು.

"ಇರ್ಲಿಲ್ಲ," ಅಂದ್ರು ಅಜ್ಜ.

ಮುಂಚೆ ನಕ್ಕವನು ಏನೂ ಅನ್ನಲಿಲ್ಲವಂತೆ. ಚಹಾದ ದುಡ್ಡು ಮಾತ್ರ ಅವನೇ ಕೊಟ್ಟನಂತೆ. ಹಾಗಂತ ಎಲ್ಲರೂ ನಂಬಿದ್ದಾರೆ ಅಂತೇನಿಲ್ಲ, ಪಿಂಚಣಿ ಮಾತು ಇನ್ನೂ ಅಲ್ಲಲ್ಲಿ ಇದೆ.

ನಮ್ಮ ಕಡೆಯಿಂದ ಇಷ್ಟೇ. ನಿಮ್ಮ ಮನೆಯಲ್ಲೂ ಸೈನ್ಯದಲ್ಲೋ, ಪೊಲೀಸಿನಲ್ಲೋ, ಗಣಿಯಲ್ಲೋ ದುಡಿದ ಅಜ್ಜ, ಮಾವ, ದೊಡ್ಡಪ್ಪ ಇದ್ರೆ ಈ ರಜೆಯಲ್ಲಿ ಒಂದು ಸಂಜೆ ಕೂತು ಕೇಳಿ. ಹಳೇ ಕಾಗದ ಇದ್ರೆ ಸ್ಕ್ಯಾನ್ ಮಾಡಿಡಿ, ನಮ್ಮ ಫೋನುಗಳಲ್ಲಿ ಅಷ್ಟು ಜಾಗ ಖಂಡಿತ ಇದೆ. ಗೆಳೆಯರು ಇನ್ನೂ ಬದುಕಿದ್ರೆ ಅವರ ಮಾತು ರೆಕಾರ್ಡ್ ಮಾಡಿ, ದಿನಾಂಕ ಹಾಕಿ. ಕೇಳೋವಾಗ ನಮ್ಮ ಹಾಗೆ "ಎಡಗಾಲು ಅಲ್ವಾ?" ಅಂತ ಮಾತ್ರ ಕೇಳಬೇಡಿ. "ಯಾವ ಕಾಲು?" ಅಂತ ಕೇಳಿ, ಸುಮ್ನಿರಿ.

ಈ ಸೆಮ್‌ನಲ್ಲಿ ಒಂದು ಲ್ಯಾಬಿನಲ್ಲಿ ನಮಗೆ 18 ಪರ್ಸೆಂಟ್ ಎರರ್ ಬಂತು. ಹಾಗೇ ಬರೆದ್ವಿ. ಹತ್ತಕ್ಕೆ ಆರು ಕೊಟ್ಟಿದ್ದಾರೆ. ಅಜ್ಜನಿಗೆ ಫೋನಿನಲ್ಲಿ ಹೇಳಿದ್ರೆ, "ಆರು ಬಂತಲ್ಲ, ನನಗ ಇನ್ನೂ ಒಂದೂ ಬಂದಿಲ್ಲ" ಅಂದ್ರು.